ಮಾಲ್ಗುಡಿ ಯಾವ ಜಿಲ್ಲೆಯಲ್ಲಿದೆ?

ಚನ್ನಗಿರಿಯ ಶಾಲೆಯಲ್ಲಿ ಮೇಷ್ಟ್ರು ಭೂಪಟ ತೂಗುಹಾಕಿ ‘ಮಾಲ್ಗುಡಿ ತೋರಿಸಿ’ ಎಂದರೆ ಜಾಣ ಹುಡುಗನೂ ತಬ್ಬಿಬ್ಬಾದಾನು. ಅದು ಆರ್.ಕೆ. ನಾರಾಯಣ್ ಅವರ ಕಲ್ಪನೆಯ ಊರು. ಆದರೆ 1986ರಲ್ಲಿ ದೂರದರ್ಶನದ ಮುಂದೆ ಕುಳಿತು ‘ಮಾಲ್ಗುಡಿ ಡೇಸ್’ ನೋಡಿದ ಅಪ್ಪನನ್ನೋ ಅಜ್ಜಿಯನ್ನೋ ಕೇಳಿ ನೋಡಿ. ‘ಅದು ನಮ್ಮ ಜಿಲ್ಲೆಯಲ್ಲೇ ಇತ್ತಲ್ಲ!’ ಎಂದಾರು. ಆ ಮಾತಿನಲ್ಲಿ ಸುಳ್ಳಿಲ್ಲ.

ಆಗ ಚನ್ನಗಿರಿ, ಹೊನ್ನಾಳಿ ಎರಡೂ ಶಿವಮೊಗ್ಗ ಜಿಲ್ಲೆಯ ತಾಲ್ಲೂಕುಗಳು. ಇಂದು ಪ್ರತ್ಯೇಕ ತಾಲ್ಲೂಕಾಗಿರುವ ನ್ಯಾಮತಿ ಆಗ ಹೊನ್ನಾಳಿಗೆ ಸೇರಿತ್ತು. ಧಾರಾವಾಹಿಯ ಮಾಲ್ಗುಡಿ ಎದ್ದು ನಿಂತದ್ದು ಅದೇ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ. ಹಾಗಾಗಿ ಸ್ವಾಮಿ ಮತ್ತು ಅವನ ಗೆಳೆಯರು ಈ ಊರುಗಳ ಮಕ್ಕಳಿಗೆ ಒಂದೇ ಜಿಲ್ಲೆಯವರು!

ಇನ್ನೂ ಕೆಲವು ಸ್ವಾರಸ್ಯಗಳಿವೆ. ಈ ಧಾರಾವಾಹಿಯಲ್ಲಿ ಎರಡು ಜೋಡಿ ಅಣ್ಣತಮ್ಮಂದಿರಿದ್ದರು. ಕಥೆ ನಾರಾಯಣ್ ಅವರದು, ರೇಖಾಚಿತ್ರಗಳು ತಮ್ಮ ಆರ್.ಕೆ. ಲಕ್ಷ್ಮಣ್ ಅವರವು. ನಿರ್ದೇಶನ ಶಂಕರ್ ನಾಗ್ ಅವರದು, ನಟರಲ್ಲಿ ಒಬ್ಬರು ಅಣ್ಣ ಅನಂತ್ ನಾಗ್. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ಅಪ್ಪನಾಗಿ ಗಿರೀಶ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಊರು ಕನ್ನಡದ್ದು, ಕಲಾವಿದರಲ್ಲಿ ಬಹುಮಂದಿ ಕನ್ನಡಿಗರು, ಮೂಲ ಕಥೆ ಇಂಗ್ಲಿಷಿನದು, ಕಿವಿಗೆ ಬಿದ್ದದ್ದು ಮಾತ್ರ ಹಿಂದಿ! ಆದರೂ ಲೆಕ್ಕ ಬಿಡಿಸಲಾಗದೆ ಅಪ್ಪನೆದುರು ಒದ್ದಾಡುವ ಸ್ವಾಮಿಯನ್ನು ಕಂಡು ನಗಲು ಯಾರಿಗೂ ಹಿಂದಿ ಪಾಠ ಬೇಕಾಗಲಿಲ್ಲ.

ನಾರಾಯಣ್ ಅವರ ಮನಸ್ಸಿನಲ್ಲಿ ಮಾಲ್ಗುಡಿ ಮೊದಲು ಮೂಡಿದ್ದು ಒಂದು ಪುಟ್ಟ ರೈಲು ನಿಲ್ದಾಣವಾಗಿ. ತೆರೆಯ ಮೇಲೆ ಆ ನಿಲ್ದಾಣವಾದದ್ದು ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು. ಅಲ್ಲಿನ ಹಳೆಯ ಕಟ್ಟಡವನ್ನು ದುರಸ್ತಿ ಮಾಡಿ 2020ರಲ್ಲಿ ‘ಮಾಲ್ಗುಡಿ ಮ್ಯೂಸಿಯಂ’ ತೆರೆಯಲಾಯಿತು.

ಈ ಕಥೆಗೆ ಒಂದು ದುಃಖದ ತುದಿಯೂ ಇದೆ. 1990ರ ಸೆಪ್ಟೆಂಬರ್ 30ರಂದು ಚಿತ್ರೀಕರಣಕ್ಕೆಂದು ಹೊರಟಿದ್ದ ಶಂಕರ್ ನಾಗ್ ದಾವಣಗೆರೆ ಸಮೀಪದ ಆನಗೋಡಿನಲ್ಲಿ ಕಾರು ಅಪಘಾತಕ್ಕೆ ಬಲಿಯಾದರು. ವಯಸ್ಸು ಕೇವಲ 35. ಆಗ ಜಗಳೂರಿನಂತೆ ಆನಗೋಡೂ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. 1997ರಲ್ಲಿ, ಚನ್ನಗಿರಿ ತಾಲ್ಲೂಕಿನವರೇ ಆದ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ, ದಾವಣಗೆರೆ ಜಿಲ್ಲೆ ಹುಟ್ಟಿತು. ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ ಬಂದವು. ಚಿತ್ರದುರ್ಗದಿಂದ ಜಗಳೂರು, ಆನಗೋಡು ಬಂದವು. ಮಾಲ್ಗುಡಿಯನ್ನು ತಮ್ಮ ಜಿಲ್ಲೆಯದೆಂದು ನೋಡಿ ನಕ್ಕ ಊರುಗಳೂ, ಅದನ್ನು ಕಟ್ಟಿದಾತ ಕೊನೆಯುಸಿರೆಳೆದ ಊರೂ ಹೀಗೆ ಒಂದೇ ಜಿಲ್ಲೆಯ ಪಾಲಾದವು.

ಮುಂದೆ 2006ರಲ್ಲಿ ಕವಿತಾ ಲಂಕೇಶ್ ಅವರ ನಿರ್ದೇಶನದಲ್ಲಿ ಮಾಲ್ಗುಡಿಯ ಇನ್ನಷ್ಟು ಕಂತುಗಳು ಬಂದವು. ಆದರೆ ಮೊದಲ ಸಲ ಅದನ್ನು ಯಾರ ಮನೆಯ ಟಿ.ವಿ.ಯಲ್ಲಿ ನೋಡಿದರು, ಆಂಟೆನಾ ತಿರುಗಿಸಲು ಮಾಡಿಗೆ ಹತ್ತಿದವರು ಯಾರು, ಅಂಗಳದಲ್ಲಿ ಎಷ್ಟು ಜನ ಸೇರಿದ್ದರು ಎಂಬುದು ಯಾವ ಪುಸ್ತಕದಲ್ಲೂ ಇಲ್ಲ. ಅದು ಹಿರಿಯರ ನೆನಪಿನಲ್ಲಷ್ಟೇ ಉಳಿದಿದೆ. ಮಕ್ಕಳೇ, ಈ ಭಾನುವಾರ ನೋಟುಬುಕ್ಕಿನ ಒಂದು ಹಾಳೆ ಅದಕ್ಕೆ ಮೀಸಲಿಡಿ, ಕೇಳಿ ಬರೆದಿಡಿ. ಪಾಲಕರೇ, ಅವರು ಕೇಳಲು ಬಂದಾಗ ‘ಹೋಗಿ ಓದಿಕೋ’ ಎಂದು ಗದರಬೇಡಿ. ಸ್ವಾಮಿಯ ಅಪ್ಪನೂ ಹಾಗೇ ಗದರುತ್ತಿದ್ದರು, ನೆನಪಿದೆಯಲ್ಲ?