ಸತ್ತ ಷರತ್ತಿನ ಬೆದರಿಕೆ

ಆಫರ್ ಲೆಟರ್ ಕೈಗೆ ಬಂದಾಗ ಎಲ್ಲರೂ ಮೊದಲು ತೆಗೆಯುವುದು ಸಂಬಳದ ಪುಟ. ಸಿಟಿಸಿ ಎಷ್ಟು, ಕಡಿತ ಎಷ್ಟು, ಕೈಗೆ ಬರುವುದೆಷ್ಟು ಎಂಬ ಲೆಕ್ಕ ಮುಗಿಯುವ ಹೊತ್ತಿಗೆ ಉಳಿದ ಹಾಳೆಗಳನ್ನು ಓದುವ ತಾಳ್ಮೆ ಯಾರಿಗೂ ಉಳಿದಿರುವುದಿಲ್ಲ. ಆ ಹಾಳೆಗಳ ನಡುವೆ ಎಲ್ಲೋ ಒಂದು ಕಡೆ, ಕೆಲಸ ಬಿಟ್ಟ ಮೇಲೆ ಒಂದು ವರ್ಷವೋ ಎರಡು ವರ್ಷವೋ ಇದೇ ವ್ಯವಹಾರದ ಬೇರೆ ಕಂಪನಿಗೆ ಸೇರಕೂಡದು, ಸ್ವಂತಕ್ಕೂ ಇದೇ ಕಸುಬು ಶುರುಮಾಡಕೂಡದು ಎಂದು ಬರೆದಿರುತ್ತದೆ. ಅದಕ್ಕೂ ಸಹಿ ಬೀಳುತ್ತದೆ. ಈ ಷರತ್ತಿಗೆ ನಮ್ಮ ದೇಶದಲ್ಲಿ ಕಾನೂನಿನ ಬಲವಿಲ್ಲ, ನೂರೈವತ್ತು ವರ್ಷಗಳಿಂದಲೂ ಇಲ್ಲ. ಬರೆಸುವವರಿಗೆ ಇದು ಚೆನ್ನಾಗಿ ಗೊತ್ತು. ಸಹಿ ಹಾಕುವವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ನನ್ನ ತಕರಾರು ಇರುವುದು ಇಲ್ಲಿ.

1872ರ ಭಾರತೀಯ ಒಪ್ಪಂದ ಕಾಯ್ದೆಯ 27ನೇ ಕಲಂ ಬಹಳ ಚಿಕ್ಕದು. ಯಾರನ್ನೇ ಆಗಲಿ ನ್ಯಾಯಬದ್ಧವಾದ ಉದ್ಯೋಗ, ವ್ಯಾಪಾರ, ಕಸುಬು ಮಾಡದಂತೆ ತಡೆಯುವ ಒಪ್ಪಂದ ಆ ಮಟ್ಟಿಗೆ ಅಸಿಂಧು ಎನ್ನುತ್ತದೆ. ಅಂಗಡಿಯನ್ನು ಅದರ ಹೆಸರು, ಗಿರಾಕಿಗಳ ಸಮೇತ ಮಾರಿದವನು ಪಕ್ಕದಲ್ಲೇ ಮತ್ತೊಂದು ಅಂಗಡಿ ತೆರೆಯಬಾರದು ಎನ್ನುವುದಕ್ಕೆ ಮಾತ್ರ ವಿನಾಯಿತಿ ಇದೆ. ಅದು ನ್ಯಾಯವೇ.

ಕಾಯ್ದೆ ಬಂದು ಎರಡು ವರ್ಷಕ್ಕೇ, 1874ರಲ್ಲಿ, ಕಲ್ಕತ್ತಾದ ಇಬ್ಬರು ಕಂಚುಗಾರರ ಜಗಳ ಅಲ್ಲಿನ ಹೈಕೋರ್ಟಿಗೆ ಬಂತು. ಒಂದೇ ಪೇಟೆಯಲ್ಲಿ ಇಬ್ಬರದೂ ಅಂಗಡಿ. ಪೈಪೋಟಿ ತಾಳಲಾರದ ಒಬ್ಬ, ನೀನು ಇಲ್ಲಿಂದ ಅಂಗಡಿ ಎತ್ತಿದರೆ ನಿನ್ನ ಆಳುಗಳಿಗೆ ನೀನು ಕೊಟ್ಟಿರುವ 900 ರೂಪಾಯಿ ಮುಂಗಡವನ್ನು ನಾನು ತುಂಬಿಕೊಡುತ್ತೇನೆ ಎಂದ. ಇನ್ನೊಬ್ಬ ನಂಬಿ ಬಾಗಿಲು ಹಾಕಿದ. ದುಡ್ಡು ಬರಲಿಲ್ಲ, ದಾವೆ ಹೂಡಿದ. ಕಸುಬು ನಿಲ್ಲಿಸುವ ಒಪ್ಪಂದವೇ ಅಸಿಂಧು, ಆದ್ದರಿಂದ ಹಣವೂ ಇಲ್ಲ ಎಂದಿತು ನ್ಯಾಯಾಲಯ. ಮಾತಿಗೆ ತಪ್ಪದವನೇ ಸೋತ. ಆ ಮನುಷ್ಯನ ಪಾಲಿಗೆ ಇದು ಅನ್ಯಾಯ ಅನ್ನಿಸಿದರೆ ತಪ್ಪಿಲ್ಲ. ಆದರೆ ಒಂದು ಪೇಟೆ, ಒಂದಿಷ್ಟು ಕಾಲ ಎಂಬ ಸಣ್ಣ ತಡೆಯೂ ತಡೆಯೇ ಎಂದು ಈ ತೀರ್ಪು ಮೊದಲಿಗೇ ಗೆರೆ ಎಳೆದುಬಿಟ್ಟಿತು.

ನಮಗೆ ಕಾನೂನು ಬರೆದುಕೊಟ್ಟ ಇಂಗ್ಲೆಂಡಿನಲ್ಲಿ ಆ ಗೆರೆ ಇರಲಿಲ್ಲ. 1414ರಲ್ಲಿ, ಊರಿನಲ್ಲಿ ಅರ್ಧ ವರ್ಷ ಕಸುಬು ಮಾಡುವುದಿಲ್ಲ ಎಂದು ಬರೆದುಕೊಟ್ಟಿದ್ದ ಬಣ್ಣಗಾರನೊಬ್ಬನ ಪ್ರಕರಣದಲ್ಲಿ, ಅಂಥದ್ದನ್ನು ಬರೆಸಿಕೊಂಡವನನ್ನೇ ಜೈಲಿಗೆ ಹಾಕಬೇಕು ಎಂದು ನ್ಯಾಯಾಧೀಶರು ಸಿಡಿದದ್ದುಂಟು. ಆದರೆ ಕಾಲಕ್ರಮದಲ್ಲಿ ಅಲ್ಲಿನ ನ್ಯಾಯಾಲಯಗಳು ಮೆತ್ತಗಾದವು. 1894ರ ನಾರ್ಡನ್‌ಫೆಲ್ಟ್ ಪ್ರಕರಣದಲ್ಲಿ ಬಂದೂಕು, ಮದ್ದುಗುಂಡಿನ ವ್ಯವಹಾರ ಮಾರಿದವನ ಮೇಲೆ 25 ವರ್ಷ, ಅದೂ ಜಗತ್ತಿನಾದ್ಯಂತ ಹೇರಿದ್ದ ತಡೆ ಸಮಂಜಸವೇ ಎನ್ನಿಸಿಕೊಂಡಿತು.

ಹಾಗಾದರೆ ನಮ್ಮ 27ನೇ ಕಲಂ ಬಂದದ್ದೆಲ್ಲಿಂದ? ಅಮೆರಿಕದ ವಕೀಲ ಡೇವಿಡ್ ಡಡ್ಲಿ ಫೀಲ್ಡ್ ನ್ಯೂಯಾರ್ಕ್ ರಾಜ್ಯಕ್ಕಾಗಿ ತಯಾರಿಸಿದ ಕರಡು ಸಂಹಿತೆಯಿಂದ. ನ್ಯೂಯಾರ್ಕ್ ಅದನ್ನು ಒಪ್ಪಲಿಲ್ಲ. ಒಪ್ಪಿದ್ದು ಕ್ಯಾಲಿಫೋರ್ನಿಯಾ, ಅದೂ 1872ರಲ್ಲೇ. ಅಂದರೆ ಬೆಂಗಳೂರಿಗೂ ಸಿಲಿಕಾನ್ ಕಣಿವೆಗೂ ಈ ವಿಷಯದಲ್ಲಿ ಒಂದೇ ಬೇರು, ಹುಟ್ಟಿದ ವರ್ಷವೂ ಒಂದೇ. ಈ ಕಾಕತಾಳೀಯದ ಬಗ್ಗೆ ನಮ್ಮಲ್ಲಿ ಹೆಚ್ಚು ಚರ್ಚೆಯಾಗಿಲ್ಲ. ಆ ಕಣಿವೆಯಲ್ಲಿ 1957ರಲ್ಲಿ ಶಾಕ್ಲಿ ಎಂಬ ವಿಜ್ಞಾನಿಯ ಕಂಪನಿ ಬಿಟ್ಟು ಹೊರಟ ಎಂಟು ಜನ ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಟ್ಟಿದರು. ಅವರಲ್ಲೇ ಇಬ್ಬರು 1968ರಲ್ಲಿ ಅಲ್ಲಿಂದಲೂ ಹೊರಬಂದು ಇಂಟೆಲ್ ಶುರುಮಾಡಿದರು. ಬಾಸ್ಟನ್ ಸುತ್ತಲಿನ ಕಂಪನಿಗಳು ಹಿಂದೆ ಬಿದ್ದು ಕ್ಯಾಲಿಫೋರ್ನಿಯಾ ಮುಂದೆ ಹೋದದ್ದಕ್ಕೆ, ಕೆಲಸ ಬಿಟ್ಟವರನ್ನು ಕಟ್ಟಿಹಾಕಲು ಅಲ್ಲಿ ಆಗದೆ ಇದ್ದದ್ದೇ ದೊಡ್ಡ ಕಾರಣ ಎಂದು ರೊನಾಲ್ಡ್ ಗಿಲ್ಸನ್ ಎಂಬ ಕಾನೂನು ಪ್ರಾಧ್ಯಾಪಕರು 1999ರಲ್ಲಿ ವಾದಿಸಿದರು. ಎಲ್ಲವನ್ನೂ ಒಂದು ಕಲಮಿನ ತಲೆಗೆ ಕಟ್ಟುವುದು ಅತಿಯಾದೀತು. ಆದರೂ ನಾರಾಯಣಮೂರ್ತಿ ಮತ್ತು ಸಂಗಡಿಗರು ಪಟ್ನಿ ಕಂಪ್ಯೂಟರ್ಸ್ ಬಿಟ್ಟು 1981ರಲ್ಲಿ ಇನ್ಫೊಸಿಸ್ ಕಟ್ಟಿದ್ದನ್ನು ನೆನೆದರೆ ವಾದದಲ್ಲಿ ತಿರುಳಿಲ್ಲ ಎನ್ನಲಾಗದು. ಅದೇ ಇನ್ಫೊಸಿಸ್, ಬಿಟ್ಟುಹೋದವರು ಆರು ತಿಂಗಳು ಕೆಲವು ಪ್ರತಿಸ್ಪರ್ಧಿ ಕಂಪನಿಗಳಲ್ಲಿ ತಮ್ಮ ಹಳೆಯ ಗ್ರಾಹಕರ ಕೆಲಸ ಮಾಡಬಾರದು ಎಂದು ಷರತ್ತು ಹಾಕಿದೆಯೆಂದು 2022ರಲ್ಲಿ ನೌಕರರ ಸಂಘಟನೆಯೊಂದು ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಟ್ಟಿತು.

ನಮ್ಮ ಸುಪ್ರೀಂ ಕೋರ್ಟ್ ಈ ಕಲಮನ್ನು ಒಟ್ಟಾರೆ ಕಾಪಾಡಿಕೊಂಡು ಬಂದಿದೆ. ಕೆಲಸದಲ್ಲಿ ಇರುವಷ್ಟು ಕಾಲ ಬೇರೆಯವರಿಗೆ ದುಡಿಯಬೇಡ ಎನ್ನಬಹುದು, ಬಿಟ್ಟ ಮೇಲೆ ಎನ್ನುವಂತಿಲ್ಲ. ಇಷ್ಟೇ ಅದರ ಸಾರ. 1967ರ ಗೋಲಿಕಾರಿ ಪ್ರಕರಣದಲ್ಲಿ ಕಲ್ಯಾಣದ ಸೆಂಚುರಿ ಕಂಪನಿ ಟೈರಿಗೆ ಬೇಕಾದ ನೂಲಿನ ತಂತ್ರವನ್ನು ವಿದೇಶಿ ಕಂಪನಿಗಳಿಂದ ದುಡ್ಡು ಕೊಟ್ಟು ತಂದಿತ್ತು, ಗುಟ್ಟು ಕಾಯುತ್ತೇವೆಂದು ಅವರಿಗೆ ಮಾತೂ ಕೊಟ್ಟಿತ್ತು. ಐದು ವರ್ಷಕ್ಕೆ ಒಪ್ಪಿ ಸೇರಿದ್ದ ಶಿಫ್ಟ್ ಮೇಲ್ವಿಚಾರಕ ಅವಧಿಗೆ ಮೊದಲೇ ಬಿಟ್ಟು ಕೋಟಾದ ಪ್ರತಿಸ್ಪರ್ಧಿಯನ್ನು ಸೇರಿದ. ಉಳಿದ ಅವಧಿಗೆ ಮಾತ್ರ ತಡೆಯಾಜ್ಞೆ ಸಿಕ್ಕಿತು. 1980ರಲ್ಲಿ ಸೂಪರಿಂಟೆಂಡೆನ್ಸ್ ಕಂಪನಿ, ಬಿಟ್ಟುಹೋದ ನೌಕರನನ್ನು ಎರಡು ವರ್ಷ ತಡೆಯಲು ಹೋಗಿ ಸೋತಿತು. 2006ರಲ್ಲಿ ಕ್ರಿಕೆಟಿಗ ಜಹೀರ್ ಖಾನ್ ಅವರನ್ನು ಒಪ್ಪಂದದ ಅವಧಿ ಮುಗಿದ ಮೇಲೂ ಹಿಡಿದಿಡಲು ಹೋದ ಜಾಹೀರಾತು ಸಂಸ್ಥೆಯೂ ಸೋತಿತು. ಸಮಂಜಸವಾದ ತಡೆಯನ್ನಾದರೂ ಒಪ್ಪೋಣ ಎಂದು ಕಾನೂನು ಆಯೋಗವೇ 1958ರಲ್ಲಿ ಹೇಳಿತ್ತು. ಸರ್ಕಾರಗಳು ಕಿವಿಗೆ ಹಾಕಿಕೊಳ್ಳಲಿಲ್ಲ. ಸರ್ಕಾರದ ಆಲಸ್ಯದಿಂದ ಒಮ್ಮೊಮ್ಮೆ ಒಳಿತೂ ಆಗುತ್ತದೆ.

ಆದರೆ ಕೋರ್ಟಿನಲ್ಲಿ ನಿಲ್ಲದ ಷರತ್ತು ಎಚ್‌ಆರ್ ಕೋಣೆಯಲ್ಲಿ ಗಟ್ಟಿಯಾಗಿಯೇ ನಿಲ್ಲುತ್ತದೆ. ರಾಜೀನಾಮೆ ಕೊಟ್ಟವನಿಗೆ ಬೇಕಾದದ್ದು ರಿಲೀವಿಂಗ್ ಲೆಟರ್. ಅದಿಲ್ಲದೆ ಹೊಸ ಕಂಪನಿಯ ಬ್ಯಾಕ್‌ಗ್ರೌಂಡ್ ಚೆಕ್ ಮುಗಿಯುವುದಿಲ್ಲ. ಬಾಕಿ ಸಂಬಳ, ರಜೆಯ ಹಣ ಎಲ್ಲ ಹಳೆಯ ಕಂಪನಿಯ ಕೈಯಲ್ಲಿ. ಅಂಥ ಹೊತ್ತಿನಲ್ಲಿ ವಕೀಲರ ನೋಟಿಸು ಮನೆಗೆ ಬಂದರೆ, ಅದನ್ನು ಬಿಚ್ಚುವುದು ಊರಿನಲ್ಲಿರುವ ಅಪ್ಪನೋ, ಗೃಹಸಾಲದ ಕಂತಿನ ಲೆಕ್ಕದಲ್ಲಿರುವ ಹೆಂಡತಿಯೋ. ಷರತ್ತು ಅಸಿಂಧು ಎಂದು ಸಾಬೀತು ಮಾಡಲು ವರ್ಷಗಟ್ಟಲೆ ಕೋರ್ಟು ಅಲೆಯಬೇಕು. ಕಂಪನಿಗೆ ಕೇಸು ಗೆಲ್ಲುವುದೇನೂ ಬೇಕಿಲ್ಲ, ಹೆದರಿ ಉಳಿದುಕೊಂಡರೆ ಸಾಕು. ಸಾಫ್ಟ್‌ವೇರ್ ಒಂದರ ಮಾತೂ ಅಲ್ಲ ಇದು. ಕೋಚಿಂಗ್ ಸೆಂಟರಿನ ಮೇಷ್ಟ್ರು, ಬ್ಯೂಟಿ ಪಾರ್ಲರಿನ ಹುಡುಗಿಯಂಥವರಿಂದಲೂ ಇಂಥ ಕಾಗದ ಬರೆಸಿಕೊಳ್ಳುವವರಿದ್ದಾರೆ. ಅವರ ಹತ್ತಿರ ಯಾವ ಗುಟ್ಟು ಇದ್ದೀತು?

ಹಾಗೆಂದು ಕಂಪನಿಗಳ ಭಯವೆಲ್ಲ ಸುಳ್ಳಲ್ಲ. ದರ್ಶಿನಿಯ ಭಟ್ಟರು ಕೆಲಸ ಬಿಟ್ಟು ಎದುರಿಗೇ ಹೋಟೆಲ್ ತೆರೆದರೆ ಮಾಲೀಕ ಹೊಟ್ಟೆ ಉರಿದುಕೊಳ್ಳಬಹುದು, ತಡೆಯುವಂತಿಲ್ಲ. ಸಾರಿನ ಹದ ಅವರ ಕೈಯಲ್ಲಿರುವುದು. ಆದರೆ ಹೋಗುವಾಗ ಮಾಲೀಕನ ಲೆಕ್ಕದ ಪುಸ್ತಕ, ಕೇಟರಿಂಗ್ ಗಿರಾಕಿಗಳ ಪಟ್ಟಿ ಎತ್ತಿಕೊಂಡು ಹೋದರೆ ಅದು ಬೇರೆ ಮಾತು. ಕೊನೆಯ ವಾರ ಗ್ರಾಹಕರ ದತ್ತಾಂಶವನ್ನೋ ಸೋರ್ಸ್ ಕೋಡನ್ನೋ ಸ್ವಂತ ಇಮೇಲಿಗೆ ರವಾನಿಸಿಕೊಳ್ಳುವುದು ಕಳ್ಳತನಕ್ಕೆ ಹತ್ತಿರದ್ದೇ. ಅದಕ್ಕೆ ಮದ್ದು ಬೇಕು. ಸದ್ಯಕ್ಕೆ ಭಾರತದಲ್ಲಿ ವ್ಯಾಪಾರ ಗುಟ್ಟಿಗೆಂದೇ ಒಂದು ಕಾಯ್ದೆ ಇಲ್ಲ. ನಂಬಿಕೆದ್ರೋಹದ ಹಳೆಯ ತತ್ವ, ಒಪ್ಪಂದದ ಗೋಪ್ಯತೆಯ ಷರತ್ತು, ಮಾಹಿತಿ ತಂತ್ರಜ್ಞಾನ ಕಾಯ್ದೆ ಎಲ್ಲವನ್ನೂ ಹೊಲಿದು ನ್ಯಾಯಾಲಯಗಳು ಕೆಲಸ ಸಾಗಿಸುತ್ತಿವೆ. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ರಿತುರಾಜ್ ಅವಸ್ಥಿ ಅವರ ಅಧ್ಯಕ್ಷತೆಯ ಕಾನೂನು ಆಯೋಗ 2024ರ ಮಾರ್ಚ್‌ನಲ್ಲಿ ತನ್ನ 289ನೇ ವರದಿಯ ಜೊತೆ ಒಂದು ಕರಡು ಮಸೂದೆಯನ್ನೂ ಕೊಟ್ಟಿತು. ಅದಿನ್ನೂ ಕಾಯ್ದೆಯಾಗಿಲ್ಲ.

ಆಗಲಿ, ನನ್ನ ವಿರೋಧವಿಲ್ಲ. ಆದರೆ ಗುಟ್ಟು ಯಾವುದು ಎಂಬ ವ್ಯಾಖ್ಯೆ ಸಡಿಲವಾದರೆ 27ನೇ ಕಲಂ ಮುಂಬಾಗಿಲಲ್ಲಿ ತಡೆದದ್ದು ಹಿತ್ತಿಲಿಂದ ಒಳಗೆ ಬರುತ್ತದೆ. ಹತ್ತು ವರ್ಷ ದುಡಿದವನ ತಲೆಯಲ್ಲಿರುವುದೆಲ್ಲ ನಮ್ಮದೇ ಎಂದು ಯಾವ ಕಂಪನಿ ಬೇಕಾದರೂ ಹೇಳೀತು. ಕೆಲಸದಲ್ಲಿ ಗಳಿಸಿದ ಅನುಭವ, ಕೌಶಲ ಗುಟ್ಟಲ್ಲ ಎಂಬ ಮಾತು ಅಂಥ ಕಾಯ್ದೆಯಲ್ಲಿ ಬಿಡಿಸಿ ಬರೆದಿರಲೇಬೇಕು.

ಈ ಎಚ್ಚರ ಬೇಕು ಅನ್ನಿಸಲು ಇನ್ನೊಂದು ಕಾರಣ, ವಿಜಯಾ ಬ್ಯಾಂಕಿನ ಪ್ರಕರಣ. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿ, ಈಗ ಬ್ಯಾಂಕ್ ಆಫ್ ಬರೋಡದಲ್ಲಿ ಸೇರಿಹೋಗಿರುವ ಬ್ಯಾಂಕು ಅದು. ಮೂರು ವರ್ಷದೊಳಗೆ ಬಿಟ್ಟರೆ ಎರಡು ಲಕ್ಷ ಕಟ್ಟಬೇಕೆಂದು ಬರೆಸಿಕೊಂಡಿತ್ತು. 2009ರಲ್ಲಿ ಅಧಿಕಾರಿಯೊಬ್ಬರು ಬೇರೆ ಬ್ಯಾಂಕಿಗೆ ಹೊರಟು, ಆಕ್ಷೇಪಿಸುತ್ತಲೇ ಹಣ ಕಟ್ಟಿ, ಹೈಕೋರ್ಟಿಗೆ ಹೋಗಿ ಗೆದ್ದರು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಿರುಗಿಸಿತು. ಇದು ಕೆಲಸದ ಅವಧಿಗೆ ಸಂಬಂಧಿಸಿದ ಷರತ್ತು, ಸಾರ್ವಜನಿಕ ಬ್ಯಾಂಕಿಗೆ ನೇಮಕಾತಿಯ ಖರ್ಚಿದೆ, ಹಿರಿಯ ಅಧಿಕಾರಿಗೆ ಈ ಮೊತ್ತ ವಿಪರೀತವಲ್ಲ ಎಂಬುದು ಅದರ ನಿಲುವು. ತೀರ್ಪಿನ ತರ್ಕ ನನಗೆ ಅರ್ಥವಾಗುತ್ತದೆ. ಆದರೆ ಇದನ್ನೇ ಹಿಡಿದುಕೊಂಡು ಖಾಸಗಿ ಕಂಪನಿಗಳು ಆಗಷ್ಟೇ ಕಾಲೇಜು ಮುಗಿಸಿದ ಹುಡುಗರ ಬಾಂಡ್ ಮೊತ್ತ ಏರಿಸುವ ದಿನ ದೂರವಿಲ್ಲ ಎಂಬ ಅಳುಕೂ ಇದೆ.

27ನೇ ಕಲಂ ಷರತ್ತನ್ನು ಅಸಿಂಧು ಎನ್ನುತ್ತದೆಯೇ ಹೊರತು, ಬರೆಸಿಕೊಂಡವರಿಗೆ ಏನೂ ಮಾಡುವುದಿಲ್ಲ. ಬರೆದರೆ ಖರ್ಚಿಲ್ಲ, ಹೆದರಿದರೆ ಲಾಭ. ನಮ್ಮ ಕಲಮಿನ ಜೊತೆಹುಟ್ಟಾದ ಕ್ಯಾಲಿಫೋರ್ನಿಯಾ ಈ ಕೊರತೆಯನ್ನು ಈಚೆಗೆ ತುಂಬಿಕೊಂಡಿತು. ಇಂಥ ಷರತ್ತನ್ನು ಒಪ್ಪಂದದಲ್ಲಿ ಸೇರಿಸುವುದೇ ಕಾನೂನುಬಾಹಿರ ಎಂದು ಮಾಡಿತು. ಈಗಾಗಲೇ ಸಹಿ ಹಾಕಿಸಿಕೊಂಡಿದ್ದ ಕಂಪನಿಗಳು, ನಿಮ್ಮ ಷರತ್ತು ಅಸಿಂಧು ಎಂದು ನೌಕರರಿಗೆ 2024ರ ಫೆಬ್ರುವರಿ 14ರೊಳಗೆ ಬರೆದು ತಿಳಿಸಬೇಕಾಯಿತು. ನಮಗೆ ಬೇಕಾದದ್ದೂ ಅಷ್ಟೇ, ಒಂದು ಪತ್ರ ಮತ್ತು ತಪ್ಪಿದರೆ ಒಂದು ದಂಡ. ಉದ್ಯಮದ ಕಡೆಯಿಂದ ಇದಕ್ಕೆ ವಿರೋಧ ಬಂದೇ ಬರುತ್ತದೆ. ಹೇಗೂ ಕೋರ್ಟಿನಲ್ಲಿ ನಿಲ್ಲದ ಷರತ್ತನ್ನು ಕಳೆದುಕೊಂಡರೆ ನಿಮಗಾಗುವ ನಷ್ಟವಾದರೂ ಏನು ಎಂದು ಆಗ ಸಂಸದೀಯ ಸಮಿತಿಯಲ್ಲಿ ಯಾರಾದರೂ ಕೇಳಬೇಕು.