ಗಾಳಿಯ ವಿಷಕ್ಕೆ ಹಾವಸೆಯ ಸಾಕ್ಷ್ಯ

ಮಾಪಕವಿಲ್ಲದ ಕಡೆ ಮಾಲಿನ್ಯವೂ ಇಲ್ಲವೆಂದು ಭಾವಿಸುವ ಆಡಳಿತ ವ್ಯವಸ್ಥೆಗೆ ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಪ್ರಕರಣ ಎಚ್ಚರಿಕೆಯ ಗಂಟೆಯಾಗಿದೆ. ಆರೆಗಾನ್ ರಾಜ್ಯದ ಈ ನಗರದಲ್ಲಿ ಕ್ಯಾಡ್ಮಿಯಂ ಎಂಬ ಭಾರಲೋಹ ಎಲ್ಲಿಂದ ಹೊರಬೀಳುತ್ತಿದೆ ಎಂಬುದರ ಸುಳಿವು ನೀಡಿದ್ದು ದುಬಾರಿ ಯಂತ್ರವಲ್ಲ. ಮರಗಳ ಮೇಲೆ ಬೆಳೆದಿದ್ದ ಹಾವಸೆ.

ಹಾವಸೆಗೆ ನಿಜವಾದ ಬೇರುಗಳಿಲ್ಲ. ಮರದ ಮೇಲೆ ಬೆಳೆಯುವ ಹಾವಸೆ ಮಳೆ, ಮಂಜು, ಧೂಳಿನಿಂದಲೇ ನೀರು ಹಾಗೂ ಪೋಷಕಾಂಶ ಪಡೆಯುತ್ತದೆ. ಜೊತೆಗೆ ಬಂದ ಲೋಹವೂ ಅದರಲ್ಲಿ ಸಂಗ್ರಹವಾಗುತ್ತದೆ. ಮಸಾಲೆಗೆ ಬಳಸುವ ಕಲ್ಲುಹೂವಿನ ಕುಟುಂಬದ ಗುಣವೂ ಇದೇ. 1960ರ ದಶಕದ ಅಂತ್ಯದಲ್ಲಿ ಸ್ವೀಡನ್ನಿನಲ್ಲಿ ರೂಪುಗೊಂಡ ಈ ವಿಧಾನದಿಂದ ಯೂರೋಪಿನ ಹಲವು ರಾಷ್ಟ್ರಗಳು 1990ರಿಂದ ಐದು ವರ್ಷಕ್ಕೊಮ್ಮೆ ಸಮೀಕ್ಷೆ ನಡೆಸುತ್ತ ಬಂದಿವೆ.

ನಕ್ಷೆ ತೋರಿದ ದಾರಿ

ಅಮೆರಿಕ ಅರಣ್ಯ ಸೇವೆಯ ವಿಜ್ಞಾನಿಗಳಾದ ಸಾರಾ ಜೋವನ್, ಜೆಫ್ರಿ ಡೊನೊವನ್ ಅವರ ತಂಡ 2013ರ ಡಿಸೆಂಬರ್‌ನಲ್ಲಿ ನಗರದಾದ್ಯಂತ 346 ಮಾದರಿಗಳನ್ನು ಸಂಗ್ರಹಿಸಿತು. ಎರಡು ಬಣ್ಣದ ಗಾಜಿನ ಕಾರ್ಖಾನೆಗಳ ಸುತ್ತ ಕ್ಯಾಡ್ಮಿಯಂ ಪ್ರಮಾಣ ಅಧಿಕವಾಗಿತ್ತು. ಗಾಜಿಗೆ ಕೆಂಪು, ಹಳದಿ ಬಣ್ಣ ನೀಡಲು ಈ ಲೋಹದ ಸಂಯುಕ್ತಗಳನ್ನು ಬಳಸಲಾಗುತ್ತದೆ.

2015ರ ಅಕ್ಟೋಬರ್‌ನಲ್ಲಿ ರಾಜ್ಯದ ಪರಿಸರ ಇಲಾಖೆ, ಆ ಪೈಕಿ ಬುಲ್ಸ್‌ಐ ಗ್ಲಾಸ್ ಕಾರ್ಖಾನೆಯ ಬಳಿ ಮಾಪಕ ಅಳವಡಿಸಿತು. ರಾಜ್ಯದ ಆರೋಗ್ಯ ಮಾನದಂಡಕ್ಕಿಂತ ಕ್ಯಾಡ್ಮಿಯಂ 49 ಪಟ್ಟು, ಆರ್ಸೆನಿಕ್ 159 ಪಟ್ಟು ಹೆಚ್ಚಿತ್ತು. ನಾಗರಿಕರಿಗೆ ವಿಷಯ ತಿಳಿದದ್ದು 2016ರ ಫೆಬ್ರವರಿಯಲ್ಲಿ. ಬಳಿಕ ಕಂಪನಿ ಈ ಎರಡೂ ಲೋಹಗಳ ಬಳಕೆಯನ್ನು ಸ್ಥಗಿತಗೊಳಿಸಿತು.

ಆದರೆ ಮೂಲ ದೋಷವಿದ್ದದ್ದು ಕಾನೂನಿನಲ್ಲಿ. ಕೇಂದ್ರದ ನಿಯಮ ನಿರಂತರವಾಗಿ ಉರಿಯುವ ಕುಲುಮೆಗಳನ್ನಷ್ಟೇ ಗುರಿಯಾಗಿಸಿತ್ತು. ರಾಜ್ಯದ ಮಾನದಂಡವೂ ಗುರಿಯಾಗಿತ್ತೇ ವಿನಾ ಕಡ್ಡಾಯ ಮಿತಿಯಾಗಿರಲಿಲ್ಲ. ಆರೆಗಾನ್ 2016ರಲ್ಲಿ ಬಣ್ಣದ ಗಾಜಿನ ಕಾರ್ಖಾನೆಗಳಿಗೆ ಪ್ರತ್ಯೇಕ ನಿಯಮ ರೂಪಿಸಿತು. 2018ರಲ್ಲಿ ಇತರ ಉದ್ಯಮಗಳ ವಿಷಕಾರಕಗಳನ್ನೂ ವ್ಯಾಪಕ ನಿಯಂತ್ರಣಕ್ಕೆ ಒಳಪಡಿಸಿತು.

ಮಿತಿಯೂ ಉಂಟು

ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಲೋಹವಿದೆ ಎಂಬುದನ್ನಾಗಲಿ, ಅದು ಯಾವ ದಿನ ಬಂದು ಸೇರಿತೆಂಬುದನ್ನಾಗಲಿ ಹಾವಸೆ ಹೇಳಲಾರದು. ಹೀಗಾಗಿ ಅದು ಮಾಪಕಕ್ಕೆ ಪರ್ಯಾಯವಲ್ಲ. ಮಾಪಕವನ್ನು ಎಲ್ಲಿಡಬೇಕೆಂದು ತೋರುವ ಕೈಮರ.

ಭಾರತಕ್ಕೂ ಇದು ಅನ್ವಯಿಸುತ್ತದೆ. 2009ರಲ್ಲಿ ಪ್ರಕಟವಾದ ರಾಷ್ಟ್ರೀಯ ವಾಯು ಗುಣಮಟ್ಟ ಮಾನದಂಡದ 12 ಮಾಲಿನ್ಯಕಾರಕಗಳಲ್ಲಿ ಸೀಸ, ಆರ್ಸೆನಿಕ್, ನಿಕಲ್ ಸೇರಿದ್ದವು, ಕ್ಯಾಡ್ಮಿಯಂ ಇರಲಿಲ್ಲ. ಪಟ್ಟಿಯಲ್ಲಿಲ್ಲದ ವಿಷವನ್ನು ವಾಯು ಸೂಚ್ಯಂಕ ತೋರಿಸದು. ಸೂಚ್ಯಂಕ ‘ತೃಪ್ತಿಕರ’ವಾಗಿದೆ ಎಂದರೆ, ಅಳೆದದ್ದಷ್ಟೇ ತೃಪ್ತಿಕರವೆಂದು ಅರ್ಥ.