ಜೀಪಿನ ಹಿಂದೆ ಕೂತವರಿಗೂ ತಿಳಿದಿರಲಿ



2023ರ ಆಗಸ್ಟ್ 25ರಂದು ವಯನಾಡಿನ ಮಾನಂತವಾಡಿ ಕಡೆಯ ಕಣ್ಣೋತ್‌ಮಲೆಯಲ್ಲಿ ಟೀ ತೋಟದ ಹೆಂಗಸರಿದ್ದ ಜೀಪು ಕಂದಕಕ್ಕೆ ಉರುಳಿತು. 9 ಮಂದಿ ತೀರಿಕೊಂಡರು, ಎಲ್ಲರೂ ಹೆಂಗಸರೇ. ಅದರ ತಪ್ಪು ಯಾರದೆಂದು ಇಲ್ಲಿ ವಿಚಾರಿಸಲು ನಾವು ಹೊರಟಿಲ್ಲ. ಆದರೆ ದಿನ ಬೆಳಗಾದರೆ ಘಾಟಿ ಹತ್ತಿ ಇಳಿಯುವ ನಾವು, ರಸ್ತೆಯ ಭಾಷೆ ಡ್ರೈವರನಿಗೆ ಮಾತ್ರ ಬೇಕಾದದ್ದು ಎಂದು ಸುಮ್ಮನಿದ್ದೇವೆ. ಹಿಂದೆ ಕೂತವರ ಪ್ರಾಣವೂ ಅದೇ ಗಾಡಿಯಲ್ಲಿದೆಯಲ್ಲವೇ?

ಮೊದಲು ಬೋರ್ಡುಗಳ ಮಾತು. ಅವುಗಳಲ್ಲಿ ಅಕ್ಷರಕ್ಕಿಂತ ಚಿತ್ರ ಹೆಚ್ಚು. ನಮ್ಮ ನೀಲಗಿರಿಯ ಒಂದೇ ರಸ್ತೆಯಲ್ಲಿ ಕನ್ನಡದವರು, ತಮಿಳರು, ಮಲಯಾಳಿಗಳು ಗಾಡಿ ಓಡಿಸುತ್ತಾರೆ. ಓಡುವ ಗಾಡಿಯಲ್ಲಿ ಕೂತು ಅಕ್ಷರ ಕೂಡಿಸಿ ಓದಲು ಯಾರಿಗೆ ಪುರುಸೊತ್ತು? ಈ ತೊಂದರೆ ಲೋಕಕ್ಕೆಲ್ಲ ಇದ್ದುದರಿಂದ 1968ರಲ್ಲಿ ವಿಯೆನ್ನಾದಲ್ಲಿ ಹಲವು ದೇಶಗಳು ಸೇರಿ ಒಂದು ಒಪ್ಪಂದ ಮಾಡಿಕೊಂಡವು. 1980ರಲ್ಲಿ ಭಾರತವೂ ಅದಕ್ಕೆ ಸೇರಿತು. ಆಕಾರಕ್ಕೇ ಅರ್ಥವಿದೆ. ಕೆಂಪು ಅಂಚಿನ ತ್ರಿಕೋನ ಕಂಡರೆ ಮುಂದೆ ಅಪಾಯ: ಕಡಿದಾದ ಇಳಿಜಾರು, ಬಂಡೆ ಬೀಳುವ ಜಾಗ, ಶಾಲೆ. ಕೆಂಪು ಅಂಚಿನ ವೃತ್ತ ಸಾಮಾನ್ಯವಾಗಿ 'ಬೇಡ' ಅಥವಾ 'ಇಷ್ಟನ್ನು ಮೀರಬೇಡ' ಎನ್ನುತ್ತದೆ. ನೀಲಿ ವೃತ್ತ 'ಮಾಡಲೇಬೇಕು' ಎನ್ನುತ್ತದೆ. ತಿರುವಿನಲ್ಲಿ ಹಾರ್ನ್ ಹೊಡೆಯಬೇಕೆಂಬ ಆಜ್ಞೆ ಅದರಲ್ಲಿದೆ. 'ನಿಲ್ಲಿ' ಎಂಬ ಬೋರ್ಡಿಗೆ ಮಾತ್ರ ಎಂಟು ಮೂಲೆ. ಕೆಸರು ಮೆತ್ತಿದ್ದರೂ, ಹಿಂಬದಿಯಿಂದ ನೋಡಿದರೂ ಗುರುತು ಸಿಗುತ್ತದೆ. ಓದು ಬಾರದ ಅಜ್ಜಿಯೂ ಒಂದು ಸಂಜೆಯಲ್ಲಿ ಇದನ್ನೆಲ್ಲ ಕಲಿತಾಳು.

'ಹೇರ್‌ಪಿನ್ ತಿರುವು' ಎಂಬ ಮಾತಂತೂ ನಮ್ಮ ಹೆಂಗಸರ ಮುಡಿಯಿಂದಲೇ ಎದ್ದು ಬಂದದ್ದು. ಹೋದ ದಾರಿ ಬಗ್ಗಿ ಹಿಂದಕ್ಕೇ ಬರುತ್ತದೆ. ತಾಮರಶ್ಶೇರಿ ಚುರದಲ್ಲಿ ಅಂಥವು 9. ಊಟಿಯಿಂದ ಮಸಿನಗುಡಿಗೆ ಇಳಿಯುವ ಕಲ್ಹಟ್ಟಿ ರಸ್ತೆಯಲ್ಲಿ 36.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು ಗೇರಿನ ವಿಷಯ. ಹತ್ತಿದ ಗೇರಿನಲ್ಲೇ ಇಳಿ ಎಂದು ಹಳೆಯ ಡ್ರೈವರುಗಳು ಹೇಳುವುದಕ್ಕೆ ಕಾರಣವಿದೆ. ಗೇರು ಬಿದ್ದಿದ್ದರೆ ಚಕ್ರವು ಇಂಜಿನನ್ನೂ ತಿರುಗಿಸಬೇಕಾಗುತ್ತದೆ. ಆ ಭಾರವೇ ಗಾಡಿಯನ್ನು ಹಿಡಿದಿಡುತ್ತದೆ. ನ್ಯೂಟ್ರಲ್ ಎಂದರೆ ಯಾವ ಕಡೆಗೂ ಸೇರದ್ದು. ಆಗ ಇಂಜಿನಿಗೂ ಚಕ್ರಕ್ಕೂ ಸಂಬಂಧ ಕಡಿದಿರುತ್ತದೆ, ಗಾಡಿಯ ಭಾರವೆಲ್ಲ ಬ್ರೇಕಿನ ಮೇಲೆ. ಮೈಲಿಗಟ್ಟಲೆ ಬ್ರೇಕ್ ತುಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಸುಟ್ಟ ವಾಸನೆ ಬರುವುದು ಆಗಲೇ. ನಾಲ್ಕು ಹನಿ ಡೀಸೆಲ್ ಉಳಿಸಲು ಹೋಗಿ ಇದನ್ನು ಮಾಡುವವರಿದ್ದಾರೆ! ಆಳು ಹೆಚ್ಚು ತುಂಬಿದಷ್ಟೂ ಬ್ರೇಕ್ ಬೇಗ ಕಾಯುತ್ತದೆ. ಆದ್ದರಿಂದ ಎರಡು ಟ್ರಿಪ್ಪಿನ ಜನರನ್ನು ಒಂದೇ ಟ್ರಿಪ್ಪಿಗೆ ತುರುಕುವುದನ್ನು ನಾವು ಒಪ್ಪಬಾರದು. ಇದು ಡ್ರೈವರನೊಬ್ಬನ ಕೈಲಿಲ್ಲ, ಗಾಡಿ ಗೊತ್ತುಮಾಡುವವರನ್ನು ಕೇಳಬೇಕು.

ಕಿರಿದಾದ ಘಾಟಿಯಲ್ಲಿ ಎರಡು ಗಾಡಿ ಎದುರಾದರೆ ಇಳಿಯುವವನೇ ಬದಿಗೆ ನಿಂತು ಹತ್ತುವವನಿಗೆ ದಾರಿ ಬಿಡಬೇಕು. 1989ರ ರಸ್ತೆ ನಿಯಮದಲ್ಲೇ ಇದನ್ನು ಬರೆದಿದ್ದರು. ಭಾರ ಹೊತ್ತು ಏರಿನಲ್ಲಿ ನಿಂತ ಗಾಡಿ ಮತ್ತೆ ಹೊರಡುವಾಗ ಹಿಂದಕ್ಕೆ ಜಾರುವ ಭಯವಿದೆ. ತಲೆಯ ಮೇಲೆ ಸೌದೆ ಹೊತ್ತು ಗುಡ್ಡ ಏರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾಳೆ ಜೀಪು ಇಳಿಜಾರಿನ ತ್ರಿಕೋನ ದಾಟುವಾಗ ಸ್ವಲ್ಪ ಕಿವಿಗೊಡಿ. ಇಂಜಿನ್ ಗುರುಗುಟ್ಟುತ್ತಿದ್ದರೆ ಸರಿ. ಸದ್ದಡಗಿ ಗಾಡಿ ಮಾತ್ರ ಓಡುತ್ತಿದ್ದರೆ, "ಅಣ್ಣಾ, ಗೇರಿಗೆ ಹಾಕಿ" ಎಂದು ಕೂಗಿ ಹೇಳಿ. ಅವನಿಗೆ ಸಿಟ್ಟು ಬಂದರೆ ಬರಲಿ.